ಹೊರಗಿನ ಕಮಾಂಡಿಗೆ ಎನ್ವಿರಾನ್ಮೆಂಟ್ ವೇರಿಯಬಲ್ ಕೊಡುವ ಬಗೆ

ದಾವಣಗೆರೆಯ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಮಂಡಿಗೆ ನಾನು ಪೈಥಾನಿನಲ್ಲಿ ಬರೆದುಕೊಟ್ಟ ಪ್ರೋಗ್ರಾಮು, ಮೆಕ್ಕೆಜೋಳದ ತೂಕದ ಚೀಟಿಯನ್ನು ಪಿಡಿಎಫ್ ಮಾಡಲು ಹೊರಗಿನ ಕಮಾಂಡೊಂದನ್ನು ಕರೆಯುತ್ತದೆ. ಚೀಟಿಗೆ ತಾರೀಖು ಹಾಕುವುದೂ ಆ ಕಮಾಂಡೇ. ಸರ್ವರ್ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದ್ದು, ನಮ್ಮ ಗಡಿಯಾರ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿರುವುದರಿಂದ, ಬೆಳಗಿನ ಜಾವ 4 ಗಂಟೆಗೆ ತೂಗಿದ ಲಾರಿಯ ಚೀಟಿಗೆ ಹಿಂದಿನ ದಿನದ ತಾರೀಖು ಬೀಳುತ್ತಿತ್ತು. ರೈತನ ಕೈಸೇರುವ ಚೀಟಿಯಲ್ಲಿ ಇಂತಹ ತಪ್ಪು ಉಳಿಯಬಾರದು. ಉಳಿದ ಪ್ರೋಗ್ರಾಮನ್ನು ಯುಟಿಸಿಯಲ್ಲೇ ಬಿಟ್ಟು, ಆ ಒಂದು ಕಮಾಂಡಿಗೆ ಮಾತ್ರ ಸಮಯ ವಲಯವನ್ನು ಹೇಳುವ ಟಿಝೆಡ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ಲನ್ನು (ಪ್ರೋಗ್ರಾಮು ಶುರುವಾಗುವಾಗ ಅದಕ್ಕೆ ಸಿಗುವ ಹೆಸರು-ಮೌಲ್ಯದ ಜೋಡಿ) ಕೊಡಬೇಕಾಗಿತ್ತು.

ಪೈಥಾನಿನಲ್ಲಿ ಹೊರಗಿನ ಕಮಾಂಡನ್ನು ಕರೆಯುವ ಸಬ್‌ಪ್ರೋಸೆಸ್ ಮಾಡ್ಯೂಲಿನ ರನ್ ಫಂಕ್ಷನ್ನಿಗೆ ಎನ್ವ್ ಎಂಬ ಆರ್ಗ್ಯುಮೆಂಟ್ ಇದೆ. ಅದನ್ನು ಕೊಡದಿದ್ದರೆ ನಮ್ಮ ಪ್ರೋಗ್ರಾಮಿನ ಎಲ್ಲ ವೇರಿಯಬಲ್‌ಗಳೂ ಕಮಾಂಡಿಗೆ ಹೋಗುತ್ತವೆ. ಕೊಟ್ಟರೆ, ಕೊಟ್ಟಷ್ಟೇ ಹೋಗುತ್ತವೆ. ಎನ್ವ್ ಇರುವುದನ್ನು ಪೂರ್ತಿ ಬದಲಿಸುತ್ತದೆಯೇ ಹೊರತು ಅದಕ್ಕೆ ಸೇರಿಸುವುದಿಲ್ಲ. ಇದನ್ನು ಗಮನಿಸದೆ ನಾನು ಟಿಝೆಡ್ ಒಂದನ್ನೇ ಇಟ್ಟ ಡಿಕ್ಷನರಿ (ಹೆಸರು-ಮೌಲ್ಯಗಳ ಪಟ್ಟಿ) ಕಳಿಸಿದಾಗ, ಕಮಾಂಡುಗಳನ್ನು ಎಲ್ಲೆಲ್ಲಿ ಹುಡುಕಬೇಕೆಂದು ಹೇಳುವ ಪಾತ್ ಇಲ್ಲದ ಕಾರಣ ಹೋಮ್ ಫೋಲ್ಡರಿನಲ್ಲಿದ್ದ ಆ ಕಮಾಂಡೇ ಸಿಗಲಿಲ್ಲ. ಅದರ ಪೂರ್ಣ ವಿಳಾಸ ಬರೆದ ಮೇಲೆ ಚೀಟಿಯೇನೋ ಬಂತು, ಆದರೆ ಭಾಷೆಯನ್ನೂ ಅಕ್ಷರ ಸಂಕೇತವನ್ನೂ ಹೇಳುವ ಲ್ಯಾಂಗ್ ಸಹ ಇಲ್ಲದ್ದರಿಂದ ರೈತರ ಕನ್ನಡ ಹೆಸರುಗಳ ಜಾಗದಲ್ಲಿ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳಿದ್ದವು.

ಸರಿಯಾದ ಕ್ರಮವೆಂದರೆ, ನಮ್ಮ ಪ್ರೋಗ್ರಾಮಿನ ಎಲ್ಲ ವೇರಿಯಬಲ್‌ಗಳಿರುವ, ಓಎಸ್ ಮಾಡ್ಯೂಲಿನ ಎನ್ವಿರಾನ್ ಅನ್ನು ಕಾಪಿ ಮೆಥಡ್ಡಿನಿಂದ ನಕಲು ಮಾಡಿಕೊಂಡು, ಆ ನಕಲಿನಲ್ಲಿ ಟಿಝೆಡ್‌ಗೆ 'ಏಷ್ಯಾ/ಕೋಲ್ಕತಾ' ಎಂಬ ವಲಯದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ನಕಲನ್ನೇ ಎನ್ವ್‌ಗೆ ಕೊಡುವುದು. ವೇರಿಯಬಲ್‌ಗಳ ಮೌಲ್ಯಗಳೆಲ್ಲ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿರಬೇಕು. ಉದಾಹರಣೆಗೆ, 8080 ಎಂಬ ಪೋರ್ಟ್ ಸಂಖ್ಯೆಯನ್ನೂ ಉದ್ಧರಣ ಚಿಹ್ನೆಯೊಳಗೆ ಇಡಬೇಕು, ಇಲ್ಲದಿದ್ದರೆ ಟೈಪ್ ಎರರ್ ಬರುತ್ತದೆ. ನಕಲು ಮಾಡದೆ ಎನ್ವಿರಾನ್ ಅನ್ನೇ ತಿದ್ದಿದರೆ, ಆಮೇಲೆ ಕರೆಯುವ ಎಲ್ಲ ಕಮಾಂಡುಗಳಿಗೂ, ಅದೇ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಬೇರೆ ಥ್ರೆಡ್ಡುಗಳು ಕರೆಯುವವಕ್ಕೂ, ಆ ಬದಲಾವಣೆ ಅಂಟಿಕೊಳ್ಳುತ್ತದೆ. ಹಾಗೆ ಮಾಡುವುದು ನೆಗಡಿಗೆ ಮೂಗು ಕೊಯ್ದಂತೆ.

ನಾವು ಟೈಪ್ ಮಾಡಿದ ಕಮಾಂಡನ್ನು ಓದಿ ಓಡಿಸುವ ಶೆಲ್ಲಿನಲ್ಲಿ ಕಮಾಂಡಿನ ಮುಂದೆಯೇ ವೇರಿಯಬಲ್ ಬರೆಯುವ ರೂಢಿಯಿದೆ. ರನ್ ಫಂಕ್ಷನ್ನಿಗೆ ಕೊಡುವ ಪಟ್ಟಿಯಲ್ಲಿ ಹಾಗೆ ಬರೆದರೆ, ನಡುವೆ ಶೆಲ್ ಇರದ ಕಾರಣ, ಪೈಥಾನ್ ಅದನ್ನೇ ಕಮಾಂಡಿನ ಹೆಸರೆಂದು ತಿಳಿದು ಹುಡುಕುತ್ತದೆ.

ಪಾಸ್‌ವರ್ಡನ್ನು ಕಮಾಂಡ್ ಸಾಲಿನಲ್ಲಿ ಬರೆದರೆ ಓಡುತ್ತಿರುವ ಪ್ರೋಗ್ರಾಮುಗಳನ್ನು ತೋರಿಸುವ ಪಿಎಸ್ ಕಮಾಂಡಿನಲ್ಲಿ ಸಾಮಾನ್ಯವಾಗಿ ಎಲ್ಲ ಬಳಕೆದಾರರಿಗೂ ಕಾಣುತ್ತದೆ. ವೇರಿಯಬಲ್ಲಿನಲ್ಲಿ ಕೊಡುವುದು ಅದಕ್ಕಿಂತ ಮೇಲು, ಆದರೆ ಡಿಕ್ಷನರಿಯನ್ನು ಲಾಗಿಗೆ ಬರೆಯಲೇಬಾರದು.

ಪರೀಕ್ಷಿಸಲು, ಅದೇ ಡಿಕ್ಷನರಿಯೊಂದಿಗೆ ಲಿನಕ್ಸಿನ ಎನ್ವ್ ಕಮಾಂಡನ್ನು ಓಡಿಸಿದರೆ, ತಲುಪಿದ ವೇರಿಯಬಲ್‌ಗಳನ್ನೆಲ್ಲ ಅದು ಮುದ್ರಿಸುತ್ತದೆ. ನಿಗದಿತ ಸಮಯಕ್ಕೆ ಪ್ರೋಗ್ರಾಮುಗಳನ್ನು ಶುರು ಮಾಡುವ ಕ್ರಾನ್‌ನಿಂದ ಓಡುವ ಪ್ರೋಗ್ರಾಮಾದರೆ ಪರೀಕ್ಷೆಯನ್ನೂ ಕ್ರಾನ್‌ನಿಂದಲೇ ಮಾಡಬೇಕು, ಏಕೆಂದರೆ ಅಲ್ಲಿ ಪಾತ್ ತೀರಾ ಚಿಕ್ಕದಾಗಿರುತ್ತದೆ. ಟಿಝೆಡ್‌ನ ಕಾಗುಣಿತವನ್ನು ಅಕ್ಷರ ಅಕ್ಷರವಾಗಿ ನೋಡಿ: ಒಂದು ಅಕ್ಷರ ತಪ್ಪಿದರೂ ಲಿನಕ್ಸ್ ಸಾಮಾನ್ಯವಾಗಿ ಎರರ್ ಹೇಳದೆ ಯುಟಿಸಿಗೇ ಮರಳುತ್ತದೆ, ಚೀಟಿಯಲ್ಲಿ ಮತ್ತೆ ನಿನ್ನೆಯ ತಾರೀಖೇ ಬೀಳುತ್ತದೆ.