ಇಂಗ್ಲಿಷ್ ಮೀಡಿಯಂ ಸಮಾಜ ಪುಸ್ತಕ ಓದಿ ಟಿಇಟಿ ಪಾಸಾದೆ: ನನ್ನ ಅನುಭವ

ನಮ್ಮ ಕಡೆಯ ಬಿಎ, ಬಿಎಡ್ ಮಂದಿ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡನೇ ಪತ್ರಿಕೆಯಲ್ಲಿ ಬೀಳುವುದು ಇಂಗ್ಲಿಷ್‌ನ 30 ಅಂಕದಲ್ಲಿ. ಓದುವುದು ಮಾತ್ರ ಸಮಾಜ ವಿಜ್ಞಾನದ 60 ಅಂಕಕ್ಕೆ. ಕಲಬುರಗಿಯ ನಮ್ಮ ಓದುವ ಗುಂಪಿನಲ್ಲಿ ಬಹಳ ಮಂದಿಯದು ಇದೇ ಕಥೆ. ನನ್ನ ಹಳೆಯ ಅಂಕಗಳನ್ನು ನೆನಪಿನಿಂದ ಹೇಳ್ತೇನೆ. ಸಮಾಜ 42ರ ಸುತ್ತ, ಕನ್ನಡ 18, ಶಿಶು ವಿಕಾಸ 14, ಇಂಗ್ಲಿಷ್ 13. ಒಟ್ಟು 87ರ ಹತ್ತಿರ. ಬೇಕಾದದ್ದು 150ಕ್ಕೆ 90. ಎರಡು-ಮೂರು ಅಂಕಕ್ಕೆ ಒಂದು ವರ್ಷ ಹೋಯಿತು.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡ್ತೇನೆ. ಅತಿಥಿ ಶಿಕ್ಷಕಿಯ ಗೌರವಧನ ಆಗ ತಿಂಗಳಿಗೆ 10 ಸಾವಿರದ ಆಸುಪಾಸು ಇತ್ತು, ಅದೂ ತಿಂಗಳಾ ತಿಂಗಳಾ ಬರುತ್ತಿರಲಿಲ್ಲ. ಅದರಲ್ಲೇ ಒಂದು ಕೋಚಿಂಗ್ ಸೆಂಟರ್‌ಗೆ 9 ಸಾವಿರ ಕಟ್ಟಿದೆ. ಗೈಡು, ಪ್ರಶ್ನೆಕೋಶ ಅಂತ ಇನ್ನೊಂದು 2 ಸಾವಿರ. ಅಲ್ಲಿ ಪಾಠ ಮಾಡಿದ್ದು ಪಿಎಸ್‌ಐ (ಪೊಲೀಸ್), ಎಫ್‌ಡಿಎ (ಸರ್ಕಾರಿ ಗುಮಾಸ್ತ) ಪರೀಕ್ಷೆಗೆ ಹೇಳಿಕೊಡುವ ಹಾಗೆ. ಯುದ್ಧ, ಇಸವಿ, ಒಪ್ಪಂದ. ನಮ್ಮ 60ರಲ್ಲಿ ಸುಮಾರು 20 ಬೋಧನಾ ವಿಧಾನದ್ದು. ಅದರ ಬಗ್ಗೆ ಒಂದು ತಾಸು ಕೂಡ ಹೇಳಲಿಲ್ಲ. ಇಂಗ್ಲಿಷ್‌ಗೆ ವ್ಯಾಕರಣದ ಸೂತ್ರಗಳ ಒಂದು ಜೆರಾಕ್ಸ್ ಕಟ್ಟು ಕೊಟ್ಟರು, ಅಷ್ಟೇ. ಪರೀಕ್ಷೆಯಲ್ಲಿ ಕೊಡುವುದು ಓದಿ ಅರ್ಥ ಮಾಡಿಕೊಳ್ಳುವ ಗದ್ಯ. ಸೂತ್ರ ಬಾಯಿಪಾಠ ಇದ್ದರೆ ಗದ್ಯ ಬಿಡಿಸಲು ಬರುತ್ತಾ?

ಆಮೇಲೆ ನಾನು ಹಿಡಿದದ್ದು 6, 7, 8ನೇ ತರಗತಿಯ ಇಂಗ್ಲಿಷ್ ಮೀಡಿಯಂ ಸಮಾಜ ವಿಜ್ಞಾನ ಪುಸ್ತಕ. ಪಠ್ಯಪುಸ್ತಕ ಸಂಘದ ವೆಬ್‌ಸೈಟ್‌ನಲ್ಲಿ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಸೂಪರ್ ಮಾರ್ಕೆಟ್ ಹತ್ತಿರ ಪ್ರಿಂಟ್ ತೆಗೆಸಿ ಬೈಂಡ್ ಮಾಡಿಸಿದ್ದಕ್ಕೆ 600 ರೂಪಾಯಿ ಆಗಿರಬೇಕು. ಶಾಲೆಯ ಹಿರಿಯ ಮಾಸ್ತರು ನೋಡಿ, "ಅಕ್ಕೋರೇ, ಇಂಗ್ಲಿಷ್ ಪುಸ್ತಕ ಓದಿ ಸಮಾಜ ಪಾಸಾಗೋದು ಹ್ಯಾಂಗ್ರಿ?" ಅಂದರು. ಗುಂಪಿನವರೂ ಟೈಮ್ ವೇಸ್ಟ್ ಅಂದರು. ನನಗೆ ಮಾತ್ರ ಖಾತ್ರಿ ಇತ್ತು. ವಿಷಯ ಮೊದಲೇ ಗೊತ್ತಿದ್ದರೆ ಭಾಷೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಬೀದರಿನ ಮಹಮೂದ್ ಗವಾನನ ಮದರಸಾ 1472ರದ್ದು, ಅವನು ಬಹಮನಿಗಳ ಮಂತ್ರಿ, ಇದೆಲ್ಲ ನಮಗೆ ಗೊತ್ತು. ಅದೇ ಸಂಗತಿ ಇಂಗ್ಲಿಷ್‌ನಲ್ಲಿ ಎದುರು ಬಂದರೆ ಡಿಕ್ಷನರಿ ಯಾಕೆ?

ಕ್ರಮ ಹೀಗಿತ್ತು. ಸಂಜೆ ಕನ್ನಡ ಪುಸ್ತಕದಲ್ಲಿ ಒಂದು ಪಾಠ. ಮರುದಿನ ಬೆಳಿಗ್ಗೆ ಅದೇ ಪಾಠ ಇಂಗ್ಲಿಷ್‌ನಲ್ಲಿ, ಡಿಕ್ಷನರಿ ಮುಟ್ಟದೆ, ಬಾಯಿಬಿಟ್ಟು. ಪಾಠದ ಕೊನೆಯ ಅಭ್ಯಾಸ ಪ್ರಶ್ನೆಗಳಿಗೆ ಇಂಗ್ಲಿಷ್‌ನಲ್ಲೇ ಒಂದೊಂದು ಸಾಲಿನ ಉತ್ತರ. ರಾತ್ರಿ ಹಳೆಯ ಟಿಇಟಿ ಪತ್ರಿಕೆಯ ಒಂದು ಗದ್ಯ, ಗಡಿಯಾರ ಇಟ್ಟುಕೊಂಡು. ಮೊದಲ ಮೂರು-ನಾಲ್ಕು ವಾರ ಏನೂ ಬದಲಾಗಲಿಲ್ಲ, ಬಿಡೋಣ ಅನ್ನಿಸಿತ್ತು. ಎರಡು ತಿಂಗಳ ಹೊತ್ತಿಗೆ ಗದ್ಯವನ್ನು ಮನಸ್ಸಿನಲ್ಲಿ ಕನ್ನಡ ಮಾಡಿಕೊಳ್ಳದೆ ಓದಲು ಬಂತು. ಆಮೇಲೆ 9, 10ನೇ ತರಗತಿಗೂ ಹೋದೆ. ಯಾವ ಪಾಠ ಮೊದಲು, ಯಾವುದು ಕೊನೆಗೆ ಅನ್ನುವ ಪಟ್ಟಿ ನನ್ನ ನೋಟ್‌ಬುಕ್‌ನಲ್ಲೇ ಇರಲಿ. ಅದರಲ್ಲೇ ನನ್ನ ಅರ್ಧ ಕೆಲಸ ಇದೆ.

ಇಸವಿಗಳಿಗೆ ಬೇರೆ ದಾರಿ. ರೂಮಿನಲ್ಲಿ ಶಹಾಬಾದ್ ಕಲ್ಲಿನ ಫರಸಿ ಹಾಕಿದ್ದಾರೆ. ಅದರ ಮೇಲೆ ಬಾಗಿಲಿಂದ ಗೋಡೆಯವರೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. 1347ರಲ್ಲಿ ಬಹಮನಿ ರಾಜ್ಯ, ನಮ್ಮ ಕಲಬುರಗಿ ರಾಜಧಾನಿ. 1857-58ರ ಹತ್ತಿರ ಬ್ರಿಟಿಷರ ವಿರುದ್ಧ ಎದ್ದ ಸುರಪುರದ ವೆಂಕಟಪ್ಪ ನಾಯಕ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಆಳ್ವಿಕೆಯಿಂದ ಬಿಡುಗಡೆ. 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ 371(ಜೆ). ಊರಿನ ಇಸವಿ ಗಟ್ಟಿಯಾದರೆ ದಿಲ್ಲಿಯ ಇಸವಿ ಅದರ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ವಾರಕ್ಕೊಮ್ಮೆ ಒರೆಸಿ, ನೋಡದೆ ಮತ್ತೆ ಬರೆಯಬೇಕು. ಒರೆಸದಿದ್ದರೆ ಉಪಯೋಗವಿಲ್ಲ.

ಫೋನಿನಲ್ಲಿ ನನ್ನದೇ ದನಿ ರೆಕಾರ್ಡ್ ಮಾಡಿ ಸೇಡಂ ಬಸ್ಸಿನಲ್ಲಿ ಕೇಳುವ ಪ್ರಯೋಗವನ್ನೂ ಮಾಡಿದೆ. ಶಕ್ತಿ ಯೋಜನೆಯಿಂದ ಟಿಕೆಟ್ ದುಡ್ಡು ಉಳಿಯುತ್ತಿತ್ತು, ಬಸ್ಸಿನ ಹೊತ್ತೂ ಉಳಿಯಲಿ ಅಂತ. ಇತಿಹಾಸಕ್ಕೆ ಅದು ನಡೆಯಲಿಲ್ಲ, ಗದ್ದಲದಲ್ಲಿ ಇಸವಿಗಳು ಕಲಸಿಹೋದವು. ಶಿಶು ವಿಕಾಸದ ಪಾಠದಲ್ಲಿ ಬರುವ ಮನಶ್ಶಾಸ್ತ್ರಜ್ಞರು ಪಿಯಾಜೆ, ವೈಗೋಟ್‌ಸ್ಕಿ, ಕೋಲ್‌ಬರ್ಗ್ ಮಾತ್ರ ಕೇಳಿ ಕೇಳಿ ಗಟ್ಟಿಯಾದರು.

ಶಿಶು ವಿಕಾಸಕ್ಕೆ ನಾನು ಪಾಠ ಮಾಡುವ 6ನೇ ತರಗತಿಯೇ ಪುಸ್ತಕ. ಪಿಯಾಜೆ ಪ್ರಕಾರ ಕಣ್ಣೆದುರಿನ ವಸ್ತು ಹಿಡಿದು ಯೋಚಿಸುವ ಹಂತ 7ರಿಂದ 11 ವರ್ಷ, ಅಮೂರ್ತವಾಗಿ ಯೋಚಿಸುವುದು ಅದರ ನಂತರ. ನನ್ನ ತರಗತಿಯ ಮಕ್ಕಳು ಸರಿಯಾಗಿ ಆ ಗಡಿಯಲ್ಲಿದ್ದಾರೆ. ಅಕ್ಷಾಂಶ-ರೇಖಾಂಶವನ್ನು ನಕ್ಷೆಯಲ್ಲಿ ತೋರಿಸಿದೆ, ಅರ್ಧ ಮಕ್ಕಳ ತಲೆಗೆ ಹತ್ತಲಿಲ್ಲ. ಚೆಂಡಿಗೆ ದಾರ ಸುತ್ತಿ ಕೈಗೆ ಕೊಟ್ಟ ಮೇಲೆ ಹತ್ತಿತು. ಮಳಖೇಡ ಕೋಟೆಗೆ ಕರೆದುಕೊಂಡು ಹೋದಾಗ, ರಾಷ್ಟ್ರಕೂಟರ ರಾಜಧಾನಿ ಇದೇ ಅಂತ ಹೇಗೆ ಗೊತ್ತಾಯಿತು ಎಂದು ಒಬ್ಬಳು ಕೇಳಿದಳು. ಇತಿಹಾಸದ ಆಧಾರಗಳ ಪಾಠವನ್ನು ಅಲ್ಲೇ ಕಲ್ಲಿನ ಮೇಲೆ ಕೂತು ಮಾಡಿದೆ. ಬೋಧನಾ ವಿಧಾನದ ಪ್ರಶ್ನೆಗಳು ಕೇಳುವುದು ಇಂಥದ್ದನ್ನೇ. ನಾಲ್ಕು ಆಯ್ಕೆಗಳಲ್ಲಿ ಮಗು ತಾನೇ ನೋಡುವ, ಮಾಡುವ, ಕೇಳುವ ಉತ್ತರವನ್ನು ಮೊದಲು ಹುಡುಕಿ. ಶಿಕ್ಷೆ ಕೊಡುವ, ಮಗುವನ್ನು ಬೇರೆ ಕೂರಿಸುವ ಆಯ್ಕೆಗಳನ್ನು ಮೊದಲೇ ಹೊಡೆದುಹಾಕಿ. ಇನ್ನೊಂದು ಗುರುತೂ ಇದೆ, ಅದನ್ನು ಹೇಳುವುದಿಲ್ಲ.

ಪರೀಕ್ಷೆಯಲ್ಲಿ ಇಂಗ್ಲಿಷನ್ನೇ ಮೊದಲು ಬಿಡಿಸಿದೆ, ತಲೆ ತಾಜಾ ಇರುವಾಗ. ಸಮಾಜ ಕೊನೆಗೆ. ಋಣಾತ್ಮಕ ಅಂಕ ಇಲ್ಲ, ಹಾಗಾಗಿ ಓಎಂಆರ್ ಉತ್ತರಪತ್ರಿಕೆಯಲ್ಲಿ ಯಾವ ಪ್ರಶ್ನೆಯ ಗುಂಡನ್ನೂ ತುಂಬದೆ ಖಾಲಿ ಬಿಡಬಾರದು. 150 ನಿಮಿಷದಲ್ಲಿ ಓಎಂಆರ್ ತುಂಬಲು ಕೊನೆಗೆ ಒಂದು ಹದಿನೈದು ನಿಮಿಷ ಇಟ್ಟುಕೊಂಡಿದ್ದೆ.

ಇಂಗ್ಲಿಷ್ 22, ಕನ್ನಡ 23, ಶಿಶು ವಿಕಾಸ 19, ಸಮಾಜ 46ರ ಸುತ್ತ. ಒಟ್ಟು 110ರ ಆಸುಪಾಸು. ನಮ್ಮ ಗುಂಪಿನಲ್ಲಿ ಆ ಸಲ ಇದೇ ಜಾಸ್ತಿ, ಹೇಳಿಕೊಳ್ಳಲು ಹೆಮ್ಮೆ ಇದೆ. ಹ್ಯಾಂಗ್ರಿ ಅಂತ ಕೇಳಿದ ಮಾಸ್ತರು ಈಗ ತಮ್ಮ ಮಗಳಿಗೆ ಅದೇ ಬೈಂಡ್ ಪುಸ್ತಕ ಒಯ್ದಿದ್ದಾರೆ.

ಈ ಸರ್ಟಿಫಿಕೇಟ್ ಈಗ ಜೀವನಪೂರ್ತಿ ನಡೆಯುತ್ತದೆ, ಮೊದಲಿನ 7 ವರ್ಷದ ಮಿತಿ ಇಲ್ಲ. ಆದರೆ ಇದು ಅರ್ಹತೆ ಮಾತ್ರ, ನೌಕರಿಗೆ ನೇಮಕಾತಿ ಪರೀಕ್ಷೆ ಬೇರೆ. ಅದರಲ್ಲಿ ವಿವರಿಸಿ ಬರೆಯುವ ಪ್ರಶ್ನೆಗಳೂ ಇವೆ. ಅದಕ್ಕೆ ಅಭ್ಯಾಸ ಪ್ರಶ್ನೆಗಳಿಗೆ ಕನ್ನಡದಲ್ಲಿ ಪುಟಗಟ್ಟಲೆ ಬರೆಯುವುದನ್ನು ಶುರು ಮಾಡಿದ್ದೇನೆ. ಬಾಲ್‌ಪೆನ್ ಖರ್ಚು ಜಾಸ್ತಿಯಾಗಿದೆ, ಗೈಡಿನ ಖರ್ಚು ನಿಂತಿದೆ.