‘ಬಾಂಬ್‌ಶೆಲ್’: ಧಾರಾವಾಹಿಯೊಳಗಿನ ಸಂಗೀತ ನಾಟಕವನ್ನು ನೋಡುವ ಬಗೆ

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 2012 ಮತ್ತು 2013ರಲ್ಲಿ 32 ಕಂತುಗಳಾಗಿ ಪ್ರಸಾರವಾದ ‘ಸ್ಮ್ಯಾಶ್’ ಧಾರಾವಾಹಿಯ ಪಾತ್ರಗಳು ಕಟ್ಟುವ ‘ಬಾಂಬ್‌ಶೆಲ್’, ನಟಿ ಮರ್ಲಿನ್ ಮನ್ರೋ ಬದುಕನ್ನು ಕುರಿತ ಸಂಗೀತ ನಾಟಕ. ಕಥೆಯಲ್ಲಿ ಇದರ ಕರ್ತೃಗಳು ಟಾಮ್ ಮತ್ತು ಜೂಲಿಯಾ. ವಾಸ್ತವದಲ್ಲಿ ಹಾಡುಗಳನ್ನು ರಚಿಸಿದವರು ಮಾರ್ಕ್ ಶೈಮನ್ ಮತ್ತು ಸ್ಕಾಟ್ ವಿಟ್‌ಮನ್. ಧಾರಾವಾಹಿಯಲ್ಲಿ ನಾಟಕವು ಇಡಿಯಾಗಿ ಎಲ್ಲಿಯೂ ಸಿಗದ ಕಾರಣ, ಬಿಡಿ ಹಾಡುಗಳಿಂದ ನಾವೇ ಅದನ್ನು ಜೋಡಿಸಿಕೊಳ್ಳಬೇಕಾಗುತ್ತದೆ.

ಮೊದಲ ಕಂತನ್ನು ತಪ್ಪದೆ ನೋಡಿ. ಅದರ ಕೊನೆಯಲ್ಲಿ ಒಂದೇ ಪಾತ್ರಕ್ಕಾಗಿ ಸ್ಪರ್ಧಿಸುವ ಐವಿ ಮತ್ತು ಕ್ಯಾರೆನ್ ಹಾಡುವ ‘ಲೆಟ್ ಮಿ ಬಿ ಯುವರ್ ಸ್ಟಾರ್’, ತಾರೆಯಾಗಬಯಸುವ ಮರ್ಲಿನ್‌ಳ ಹಂಬಲವನ್ನೂ ಆ ಇಬ್ಬರ ಹಂಬಲವನ್ನೂ ಒಟ್ಟಿಗೆ ನುಡಿಯುತ್ತದೆ. ನನ್ನ ಮಟ್ಟಿಗೆ ಇಡೀ ಕೃತಿಯ ಕೀಲಿಕೈ ಇದೇ. ಆದ್ದರಿಂದ ಪ್ರತಿ ಹಾಡಿಗೂ ಎರಡು ಟಿಪ್ಪಣಿ ಬರೆದುಕೊಳ್ಳಿ: ಅದು ಮರ್ಲಿನ್‌ಳ ಬದುಕಿನ ಯಾವ ಘಟ್ಟಕ್ಕೆ ಸೇರಿದ್ದು, ಹಾಡುವವರ ಬದುಕಿನಲ್ಲಿ ಆಗ ಏನು ನಡೆಯುತ್ತಿದೆ.

ಹಾಡುಗಳು ಪ್ರಸಾರವಾದ ಕ್ರಮವನ್ನು ನಾಟಕದ ಕ್ರಮವೆಂದು ಭಾವಿಸಬೇಡಿ. ‘ದ ನ್ಯಾಷನಲ್ ಪಾಸ್‌ಟೈಮ್’ ಹಾಡಿನ ಬೇಸ್‌ಬಾಲ್ ಹಿನ್ನೆಲೆಯು, ಮರ್ಲಿನ್ 1954ರಲ್ಲಿ ವರಿಸಿದ ಆಟಗಾರ ಜೋ ಡಿಮಾಜಿಯೊನನ್ನು ನೆನಪಿಸುತ್ತದೆ ಎಂಬಂತಹ ಸುಳಿವುಗಳನ್ನು ಹಿಡಿದು ಅವುಗಳ ಸ್ಥಾನವನ್ನು ಗುರುತಿಸಿ. ಎರಡನೆಯ ಸರಣಿಯ ‘ಹಿಟ್ ಲಿಸ್ಟ್’ ಬೇರೆಯೇ ನಾಟಕವಾದ್ದರಿಂದ ಅದರ ಹಾಡುಗಳನ್ನು ಪಕ್ಕಕ್ಕಿಡಿ. ಬಳಿಕ 2013ರಲ್ಲಿ ಬಿಡುಗಡೆಯಾದ ‘ಬಾಂಬ್‌ಶೆಲ್’ ಧ್ವನಿಮುದ್ರಣವನ್ನು ಒಂದೇ ಪಟ್ಟಿನಲ್ಲಿ ಕೇಳಿ, ನಿಮ್ಮ ಜೋಡಣೆಯೊಡನೆ ಹೋಲಿಸಿ ನೋಡಿ.