ನೆರಳಿಗೆ ಮಾತು ಕೊಡದೆ ಬರೆದ ಕಾದಂಬರಿ

ಯುದ್ಧವಾಗಲಿ ಸಿಂಹಾಸನದ ಜಗಳವಾಗಲಿ ಇಲ್ಲದೆ ಒಂದೇ ಮನೆಯೊಳಗೆ ನಡೆಯುವ ಕೋಜಿ ಫ್ಯಾಂಟಸಿಯೊಂದನ್ನು, ಅದೂ ಅಗಲಿಕೆಯ ದುಃಖವನ್ನು ಕುರಿತು, ಬರೆಯಲು ಹೊರಟಾಗ ನಾನು ಎಲ್ಲಕ್ಕಿಂತ ಮೊದಲು ತೀರ್ಮಾನಿಸಿದ್ದು ಮಾಟದಿಂದ ಏನಾಗದು ಎಂಬುದನ್ನು. ಸತ್ತವರನ್ನು ಬದುಕಿಸುವ ಶಕ್ತಿ ಕಥೆಯ ಯಾವ ಮೂಲೆಯಲ್ಲಿದ್ದರೂ ಓದುಗರು ಅದರ ದಾರಿಯನ್ನೇ ಕಾಯುತ್ತಾರೆ; ಆಗ ಅಳುವುದಕ್ಕೆ ಅರ್ಥವೇ ಉಳಿಯುವುದಿಲ್ಲ. ಆದ್ದರಿಂದ ನನ್ನ ಮಾಂತ್ರಿಕಳು ಸತ್ತವರ ನೆರಳನ್ನು ಮಾತ್ರ ಕರೆಯಬಲ್ಲಳು. ಆ ನೆರಳು ಮಾತನಾಡುವುದಿಲ್ಲ, ಯಾರನ್ನೂ ಗುರುತಿಸುವುದಿಲ್ಲ. ಬದುಕಿದ್ದಾಗ ಅರ್ಧಕ್ಕೆ ಬಿಟ್ಟ ಕೈಕೆಲಸವನ್ನು ರಾತ್ರಿಯೆಲ್ಲ ಕುಳಿತು ಮುಂದುವರಿಸುತ್ತದೆ, ಕೆಲಸ ಮುಗಿದೊಡನೆ ಇಲ್ಲವಾಗುತ್ತದೆ.

ಕಥೆಯ ಕತ್ತಲೂ ಈ ನಿಯಮದಿಂದಲೇ ಹುಟ್ಟಿತು. ತೀರಿಹೋದ ತಮ್ಮನ ನೆರಳು ರಾತ್ರಿ ನೇಯ್ದ ಕಂಬಳಿಯನ್ನು, ಅವನು ಮರುದಿನವೂ ಬರಲೆಂದು, ಮಾಂತ್ರಿಕಳು ಬೆಳಗಾಗುವ ಮೊದಲೇ ಬಿಚ್ಚಿಡುತ್ತಾಳೆ. ಕ್ರಮೇಣ ಅವನ ಬೆರಳುಗಳು ನಿಧಾನವಾಗುತ್ತವೆ, ಎಳೆಗಳು ತಪ್ಪತೊಡಗುತ್ತವೆ. ಅವಳನ್ನು ಖಂಡಿಸುವ ಒಂದು ಸಾಲನ್ನೂ ನಾನು ಬರೆಯಲಿಲ್ಲ. ಪ್ರೀತಿಯಿಂದ ಮಾಡಿದ ಕಟ್ಟು ಎಷ್ಟು ಕ್ರೂರವಾಗಬಹುದು ಎಂಬುದು ಆ ಬೆರಳುಗಳಲ್ಲೇ ಕಾಣಬೇಕಿತ್ತು.

ಅಧ್ಯಾಯಗಳನ್ನು ಜೋಡಿಸುವಾಗ, ನಿರಾಕರಣೆಯಿಂದ ಒಪ್ಪಿಗೆಯವರೆಗೆ ದುಃಖಕ್ಕೆ ಐದು ಹಂತಗಳೆಂಬ ಜನಪ್ರಿಯ ಕ್ರಮವನ್ನು ಬೇಕೆಂದೇ ಬಿಟ್ಟೆ. 1969ರಲ್ಲಿ ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ ಆ ಹಂತಗಳನ್ನು ವಿವರಿಸಿದ್ದು ತಮ್ಮದೇ ಸಾವಿನ ಎದುರು ನಿಂತ ರೋಗಿಗಳೊಡನೆ ಮಾತನಾಡಿ. ನನ್ನ ಪಾತ್ರಗಳೋ ಹಿಂದೆ ಉಳಿದವರು. ನನಗೆ ಹೆಚ್ಚು ನೆರವಾದದ್ದು 1999ರಲ್ಲಿ ಅಗಲಿಕೆಯ ದುಃಖದ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಮಂಡಿಸಿದ ವಿಚಾರ: ಅಗಲಿಕೆಗೆ ಒಳಗಾದವರು ನಷ್ಟದ ಕಡೆಗೊಮ್ಮೆ, ಬದುಕನ್ನು ಮತ್ತೆ ಹೊಂದಿಸಿಕೊಳ್ಳುವ ಕೆಲಸಗಳ ಕಡೆಗೊಮ್ಮೆ ಓಲಾಡುತ್ತಲೇ ಇರುತ್ತಾರೆ. ಈ ಓಲಾಟವನ್ನು ಒಂದೊಂದು ಅಧ್ಯಾಯದೊಳಕ್ಕೂ ತಂದೆ. ಸೋರುವ ಮಾಡನ್ನು ಸರಿಪಡಿಸುತ್ತಿದ್ದವಳಿಗೆ ಏಣಿಯ ಮೇಲೆಯೇ ಅಳು ಉಕ್ಕುತ್ತದೆ. ಕಣ್ಣೊರೆಸಿಕೊಂಡು ಅವಳು ಮುಂದಿನ ಹೆಂಚನ್ನು ಕೇಳುತ್ತಾಳೆ. ಇಂಥ ಅಧ್ಯಾಯಗಳನ್ನು ಬರೆಯುವಾಗಲೇ ಕಾದಂಬರಿ ನನಗೆ ನಿಜವೆನಿಸಿತು.

ಆ ಹೆಂಚನ್ನು ಎತ್ತಿಕೊಡುವವರು ಯಾರು ಎಂಬ ಪ್ರಶ್ನೆಯೇ ಕುಟುಂಬವನ್ನು ಕಟ್ಟಿತು. ಅರ್ಧಕ್ಕೆ ನಿಂತ ಕೆಲಸಗಳನ್ನು ಹೊತ್ತು ಆ ಮನೆಗೆ ಬಂದವರು, ತಮ್ಮವರ ನೆರಳು ಕೆಲಸ ಮುಗಿಸುವವರೆಗೆ ಅಲ್ಲೇ ಉಳಿಯಬೇಕು: ಹೆಂಡತಿಯನ್ನು ಕಳೆದುಕೊಂಡ ಮುದುಕ, ತಾಯಿ ಕೆತ್ತುತ್ತಿದ್ದ ಮರದ ಕುದುರೆಯನ್ನು ತಂದ ಹುಡುಗಿ. ‘ನೀವೇ ನನ್ನವರು’ ಎಂಬ ಮಾತನ್ನು ಯಾರ ಬಾಯಲ್ಲೂ ಇಡದೆ, ಯಾರಿಗೆ ನಿದ್ದೆ ಬರುವುದಿಲ್ಲ, ಯಾರು ಇರುಳಿಗೆ ಹೆದರುತ್ತಾರೆ ಎಂಬುದನ್ನು ಅವರು ಒಬ್ಬರನ್ನೊಬ್ಬರು ನೋಡಿ ತಿಳಿಯುವಂತೆ ಬರೆದೆ. ಕಂಬಳಿಯ ಗುಟ್ಟು ಮೊದಲು ತಿಳಿಯುವುದೂ ಹುಡುಗಿಗೇ, ಏಕೆಂದರೆ ಅವಳ ಕುದುರೆಗೂ ಒಂದೇ ಕಾಲು ಬಾಕಿಯಿದೆ. ಮಾಂತ್ರಿಕಳ ಆಸೆಯನ್ನು ಅವಳಷ್ಟು ಬಲ್ಲವರು ಆ ಮನೆಯಲ್ಲಿ ಬೇರೆ ಯಾರೂ ಇಲ್ಲ.

ಕಂಬಳಿ ಮುಗಿದು ತಮ್ಮ ಹೋದ ರಾತ್ರಿಗೆ ಕಾದಂಬರಿಯನ್ನು ನಿಲ್ಲಿಸಬಹುದಿತ್ತು. ಅದರ ನಂತರವೂ ಕೆಲವು ಅಧ್ಯಾಯಗಳನ್ನು ಉಳಿಸಿಕೊಂಡೆ. ಅವುಗಳಲ್ಲಿ ಮಾಟವಿಲ್ಲ, ತೆರವಾದ ಕೋಣೆ ಯಾರಿಗೆ ಎಂಬ ಜಗಳವಿದೆ, ಮುದುಕನ ಕಾಯಿಲೆಯಿದೆ, ಆ ಕಂಬಳಿಯನ್ನು ಹೊದೆಯಬೇಕೇ ಮಡಿಸಿಡಬೇಕೇ ಎಂದು ಮಾಂತ್ರಿಕಳು ದಿನಕ್ಕೊಂದು ರೀತಿ ನಿರ್ಧರಿಸುವುದಿದೆ.